ಸಹಾಯ ಬೇಕು: ಜರ್ಮನಿಯಲ್ಲಿ ಸ್ವಯಂಸೇವೆಗೆ ವೀಸಾ ಸಿಕ್ಕಿಲ್ಲ, ಮುಂದೇನು ಮಾಡಬಹುದು?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಹುಬ್ಬಳ್ಳಿಯಲ್ಲಿ ಬಿಎಸ್‌ಡಬ್ಲ್ಯು (ಸಮಾಜಕಾರ್ಯ ಪದವಿ) ಮುಗಿಸಿದ್ದಾಳೆ. ಜರ್ಮನಿಯ ಬುಂಡೆಸ್‌ಫ್ರೈವಿಲಿಗನ್‌ಡೀನ್ಸ್ಟ್ ಎಂಬ ಸರ್ಕಾರಿ ಸ್ವಯಂಸೇವಾ ಯೋಜನೆಯಲ್ಲಿ ಅಲ್ಲಿಯ ಒಂದು ವೃದ್ಧಾಶ್ರಮದವರು ಅವಳನ್ನು ಒಂದು ವರ್ಷಕ್ಕೆ ಆರಿಸಿಕೊಂಡಿದ್ದರು. ಊಟ, ವಸತಿ, ಕೈಖರ್ಚು, ವಿಮೆ ಎಲ್ಲವೂ ಒಪ್ಪಂದದಲ್ಲೇ ಇದೆ. ಆದರೂ ವೀಸಾ ಸಿಗಲಿಲ್ಲ. ಸೇವೆಯ ಉದ್ದೇಶ ಮನವರಿಕೆ ಆಗಿಲ್ಲ, ವಾಪಸ್ ಬರುವ ಬಗ್ಗೆ ಅನುಮಾನವಿದೆ ಎಂದು ಪತ್ರದಲ್ಲಿ ಬರೆದಿದ್ದಾರೆ.

ವಾಪಸ್ ಬರುತ್ತಾಳೆ ಅಂತ ತೋರಿಸಲು, ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗಿಯ ಹೆಸರಲ್ಲಿ ಹೊಲ, ಮನೆ ಎಲ್ಲಿಂದ ಬರಬೇಕು? ಹಾಸಿಗೆ ಹಿಡಿದ ಅಜ್ಜಿಗೆ ಮೈ ಒರೆಸಿ, ಗಂಜಿ ಕುಡಿಸಿ, ಕೊನೆಯವರೆಗೂ ನೋಡಿಕೊಂಡವಳು ಅವಳೇ. ಅದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ ಅಲ್ವಾ? ಜರ್ಮನಿಯ ಹುಡುಗ ಹುಡುಗಿಯರು 2008ರಿಂದ ವೆಲ್ಟ್‌ವೆರ್ಟ್ಸ್ ಯೋಜನೆಯಲ್ಲಿ, ಅವರ ಸರ್ಕಾರದ ನೆರವಿನಿಂದಲೇ, ನಮ್ಮಂಥ ದೇಶಗಳಿಗೆ ಸೇವೆಗೆ ಬರುತ್ತಿದ್ದಾರೆ. ಬರಲಿ, ಸಂತೋಷ. ನಮ್ಮವರು ಹೊರಟಾಗ ಮಾತ್ರ ಇಷ್ಟು ಅನುಮಾನ ಯಾಕೆ?

ಕಟ್ಟಿದ 75 ಯೂರೊ ಶುಲ್ಕ ವಾಪಸ್ ಬರುವುದಿಲ್ಲ. ಭಾಷಾ ಪರೀಕ್ಷೆ, ಬೆಂಗಳೂರಿನ ಓಡಾಟದ ಖರ್ಚು ಬೇರೆ. ಮೊದಲು ಮರುಪರಿಶೀಲನೆ ಕೇಳಬಹುದಿತ್ತು. 2025ರ ಜುಲೈ 1ರಿಂದ ಅದನ್ನೂ ನಿಲ್ಲಿಸಿದ್ದಾರೆ. ಈಗ ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್ ಕೋರ್ಟಿಗೆ ಹೋಗಬೇಕು. ಕೋರ್ಟು ನಮ್ಮ ಕೈಲಾಗದ ಮಾತು.

ಈ ಯೋಜನೆಯಲ್ಲಿ ಹೋಗಿ ಬಂದವರು ಯಾರಾದರೂ ಇದ್ದೀರಾ? ಉದ್ದೇಶದ ಪತ್ರದಲ್ಲಿ ಏನು ಬರೆದಿರಿ? ವಾಪಸ್ ಬರುತ್ತೇನೆ ಅನ್ನುವುದಕ್ಕೆ ಯಾವ ದಾಖಲೆ ಕೊಟ್ಟಿರಿ? ಇಲ್ಲಿಯ ವೃದ್ಧಾಶ್ರಮದಲ್ಲಿ ಕೆಲವು ತಿಂಗಳು ಕೆಲಸ ಮಾಡಿ ಅನುಭವ ಪತ್ರ ತಂದರೆ ಉಪಯೋಗ ಆಗುತ್ತಾ? ಅಲ್ಲಿಯವರು ಅವಳ ಜಾಗವನ್ನು ಇನ್ನೂ ಬೇರೆಯವರಿಗೆ ಕೊಟ್ಟಿಲ್ಲ. ಗೊತ್ತಿದ್ದವರು ದಯವಿಟ್ಟು ಬೇಗ ತಿಳಿಸಿ.