ಕಾಟನ್ ಫೀಲ್ ಅಂದ್ರೆ ಕಾಟನ್ ಅಲ್ಲ

ಪುಟ್ಟಿ, ನಮ್ಮ ಮನೆ ವಾಟ್ಸಾಪ್ ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಮಗು ರಾತ್ರಿಯೆಲ್ಲ ಬೆವರಿ ಎದ್ದು ಕೂರುತ್ತದೆ, ಬೆನ್ನ ತುಂಬ ಬೆವರುಸಾಲೆ, ಹೊಸ ಬೆಡ್‌ಶೀಟ್ ಯಾವ ಬಟ್ಟೆಯದ್ದು ತರಲಿ, ಚಳಿಗಾಲಕ್ಕೂ ಅದೇ ಆಗುತ್ತಾ ಅಂತ ಕೇಳಿದ್ದೀಯಲ್ಲ. ನನಗೆ ಕನ್ನಡಕ ಸಿಗುತ್ತಿಲ್ಲ. ಮಾತಾಡುತ್ತಿದ್ದೇನೆ, ಫೋನೇ ಬರೆದುಕೊಳ್ಳುತ್ತಿದೆ, ತಪ್ಪಿದ್ದರೆ ಸರಿ ಮಾಡಿ ಓದಿಕೋ.

ಮೊದಲು ಗಾಬರಿ ಬಿಡು. ನಮ್ಮ ಮನೆಯವರ ಮೈ ಎಂಥದ್ದು ಅಂತ ಎಲ್ಲರಿಗೂ ಗೊತ್ತು. ನಿಮ್ಮಜ್ಜ ಫ್ಯಾನ್ ಕೆಳಗೆ ಕೂತೂ ಬೆವರುತ್ತಿದ್ದರು, ನಿಮ್ಮಪ್ಪನೂ ಹಾಗೇ. ಮಗು ಇನ್ಯಾರ ಹಾಗೆ ಆಗಬೇಕು? ಸೆಕೆಗೆ ಹತ್ತಿ, ಚಳಿಗೆ ದಪ್ಪದ್ದು, ಇದನ್ನೆಲ್ಲ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಮಾತು ಕೇಳು. ಪ್ಯಾಕೆಟ್ ಮೇಲೆ ‘ಕಾಟನ್ ಫೀಲ್’ ಅಂತ ಇದ್ದರೆ ಅದನ್ನು ಮುಟ್ಟಲೂ ಬೇಡ.

ನಿಮ್ಮ ದೊಡ್ಡಪ್ಪನಿಗೆ ಬೆನ್ನಿನ ಆಪರೇಷನ್ ಆಗಿತ್ತಲ್ಲ, ಆ ಬೇಸಿಗೆ. ಮೂರು ವಾರ ಮಲಗಿಯೇ ಇರಬೇಕು ಅಂದಿದ್ದರು. ಪಾಪ, ಮಲಗಿದವರಿಗೆ ಮೆತ್ತಗಿರಲಿ ಅಂತ ನಾನೇ ಹೋಗಿ ಹೊಸ ಬೆಡ್‌ಶೀಟ್ ತಂದೆ. ಆಕಾಶದ ಬಣ್ಣ, ಸಣ್ಣ ಬಿಳಿ ಹೂವು, ಕೈಯಾಡಿಸಿದರೆ ಬೆಣ್ಣೆ. ಒಂದು ಸುಕ್ಕಿಲ್ಲ. ಮೊದಲನೇ ರಾತ್ರಿಯೇ ಎರಡು ಗಂಟೆಗೆ ಕೂಗಿದರು, ಹಾಸಿಗೆ ಸುಡ್ತಿದೆ ಕಣೇ ಅಂತ. ಬನಿಯನ್ ಹಿಂಡಿದರೆ ನೀರು ಬರುವ ಹಾಗಿತ್ತು. ಹೊಲಿಗೆಗೆ ಕೀವು ಆಗಿ ಜ್ವರ ಬಂತು ಅಂತ ನನಗೆ ಕೈಕಾಲು ನಡುಕ. ಥರ್ಮಾಮೀಟರ್ ಇಟ್ಟರೆ ಜ್ವರವೇ ಇಲ್ಲ. ಹೀಗೇ ಮೂರು ರಾತ್ರಿ. ನಾಲ್ಕನೇ ದಿನ ಹೆಗಲಿಂದ ಸೊಂಟದವರೆಗೆ ಕೆಂಪು ಗುಳ್ಳೆ. ನೋಡಲು ಬಂದ ಡಾಕ್ಟರ್ ಬೆನ್ನು ನೋಡಿದರು, ಆಮೇಲೆ ಬೆಡ್‌ಶೀಟನ್ನು ಎರಡು ಬೆರಳಲ್ಲಿ ಉಜ್ಜಿ, ಅಮ್ಮಾ ಇದು ಯಾವ ಬಟ್ಟೆ ಅಂದರು. ಹತ್ತಿ ಅಂದೆ, ಅದೂ ಜಂಬದಿಂದ.

ಅವರು ಹೋದ ಮೇಲೆ ಅಂಚಿನಿಂದ ಒಂದು ಎಳೆ ಕಿತ್ತು ಒಲೆ ಮುಂದೆ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದೆ. ಹತ್ತಿ ಎಳೆ ಕಾಗದದ ಹಾಗೆ ಉರಿದು ಬೂದಿ ಆಗುತ್ತದೆ. ಇದು ಮುದುಡಿತು, ಕರಗಿತು, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕರಿ ಮಣಿ ಕಟ್ಟಿತು. ಆರಿದ ಮೇಲೆ ಉಗುರಲ್ಲಿ ಒತ್ತಿದರೆ ಕಲ್ಲು. ಪ್ಯಾಕೆಟ್ ಹುಡುಕಿ ನೋಡಿದರೆ ಮುಂದೆ ಇಷ್ಟು ದಪ್ಪ ಅಕ್ಷರದಲ್ಲಿ ಕಾಟನ್ ಫೀಲ್, ಹಿಂದೆ ಇರುವೆ ಸಾಲಿನ ಹಾಗೆ 100 ಪರ್ಸೆಂಟ್ ಪಾಲಿಯೆಸ್ಟರ್ ಮೈಕ್ರೋಫೈಬರ್, ಅಂದರೆ ಪ್ಲಾಸ್ಟಿಕ್ ಜಾತಿಯ ಸಣ್ಣ ಎಳೆ. ಜವಳಿ ಓದಿದ ನಮ್ಮ ಚಿಕ್ಕವನು ಆಮೇಲೆ ಲೆಕ್ಕ ಹೇಳಿದ. 100 ಗ್ರಾಂ ಒಣಗಿದ ಹತ್ತಿ ಗಾಳಿಯಿಂದಲೇ ಸುಮಾರು 8 ಗ್ರಾಂ ತೇವ ಎಳೆದುಕೊಳ್ಳುತ್ತದಂತೆ, ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಮತ್ತೆ ಬೆವರು ಎಲ್ಲಿಗೆ ಹೋಗಬೇಕು? ಮೈ ಮೇಲೇ ಕೂರುತ್ತದೆ. ಅದಕ್ಕೇ ಇನ್ನೊಂದು ಸಲ ಹೇಳುತ್ತಿದ್ದೇನೆ, ಕಾಟನ್ ಫೀಲ್ ಅಂದ್ರೆ ಕಾಟನ್ ಅಲ್ಲ. ಪ್ಯಾಕೆಟ್ ತಿರುಗಿಸಿ ಹಿಂದೆ ಓದು.

ಆ ಶೀಟ್ ಕಿತ್ತು ನನ್ನ ಹಳೇದು ಹಾಸಿದೆ. ಹತ್ತಾರು ವರ್ಷ ಒಗೆದು ಒಗೆದು ಮಗುವಿನ ಕೆನ್ನೆ ಥರ ಆಗಿತ್ತು ಅದು. ಅವತ್ತು ರಾತ್ರಿ ಗೊರಕೆ ಹೊಡೆದರು ನಿಮ್ಮ ದೊಡ್ಡಪ್ಪ. ಅಂಥ ಶೀಟನ್ನು ಈ ಗ್ರೂಪಿನಲ್ಲೇ ಇರುವ ಒಬ್ಬರು ನಾಲ್ಕು ತುಂಡು ಮಾಡಿ ಕಾರು ಒರೆಸಿದರು. ಹೆಸರು ಹೇಳುವುದಿಲ್ಲ, ನೀಲಿ ಟಿಕ್ ಬಿದ್ದೇ ಬೀಳುತ್ತದೆ. ಕೇಳಿದರೆ ‘ಹಳೇದಲ್ವಾ ಅತ್ತೆ’ ಅಂತೆ! ಹೊಸದು ಕೊಡಿಸುತ್ತೇನೆ ಅಂತ 1000 ಥ್ರೆಡ್ ಕೌಂಟ್ ಅಂತ ಒಂದು ತಂದರು. ಎತ್ತಿದರೆ ಕಂಬಳಿ ಭಾರ, ಗಾಳಿಯೇ ಆಡಲ್ಲ. ಥ್ರೆಡ್ ಕೌಂಟ್ ಅಂದರೆ ಒಂದು ಇಂಚು ಚೌಕದಲ್ಲಿ ಉದ್ದ ಎಳೆ, ಅಡ್ಡ ಎಳೆ ಕೂಡಿಸಿದರೆ ಬರುವ ಲೆಕ್ಕ. ಅಷ್ಟು ಜಾಗದಲ್ಲಿ ಸಾವಿರ ಎಲ್ಲಿ ಹಿಡಿಯುತ್ತದೆ, ಒಂದು ಎಳೆಯಲ್ಲಿ ಹುರಿ ಮಾಡಿದ ಸಣ್ಣ ಎಳೆಗಳನ್ನೂ ಬಿಡಿಬಿಡಿಯಾಗಿ ಎಣಿಸಿ ನಂಬರ್ ಏರಿಸುತ್ತಾರೆ. 200ರಿಂದ 400 ಇದ್ದರೆ ಧಾರಾಳ ಆಯಿತು. ಇದನ್ನು ಹೇಳಿದ್ದಕ್ಕೆ ಅವರು ಎರಡು ತಿಂಗಳು ಮಾತು ಬಿಟ್ಟಿದ್ದರು. ಇರಲಿ, ನಾನು ಏನು ಹೇಳಿದರೂ ಈ ಗ್ರೂಪಿನಲ್ಲಿ ಒಂದು ಹೆಬ್ಬೆರಳು ಹಾಕಿ ಸುಮ್ಮನಾಗುತ್ತಾರೆ.

ಅಯ್ಯೋ, ನೀನು ಕೇಳಿದ್ದೇ ಮರೆತೆ. ಸೆಕೆಗೆ ಪರ್ಕೇಲ್ ಅಂತ ಕೇಳು, ಒಂದು ಮೇಲೆ ಒಂದು ಕೆಳಗೆ ಸಾದಾ ನೇಯ್ಗೆಯ ಹತ್ತಿ, ಮೊದಮೊದಲು ಸ್ವಲ್ಪ ಗರಿಗರಿ ಅನ್ನಿಸುತ್ತದೆ ಅಷ್ಟೇ. ಸ್ಯಾಟೀನ್ ಕೂಡ ಹತ್ತಿಯದೇ ಸಿಗುತ್ತದೆ, ಹೊಳೆಯುತ್ತದೆ, ಆದರೆ ಒತ್ತು ನೇಯ್ಗೆ, ಬೆಚ್ಚಗಾಗುತ್ತದೆ, ಮಗುವಿಗೆ ಈಗ ಬೇಡ. ಲಿನನ್ ಅಂದರೆ ಅಗಸೆ ನಾರಿನ ಬಟ್ಟೆ, ಇನ್ನೂ ತಂಪು, ಬೇಗ ಒಣಗುತ್ತದೆ, ಸುಕ್ಕು ಮಾತ್ರ ಬಿಡಲ್ಲ, ರೇಟೂ ಜಾಸ್ತಿ. ಚಳಿಗೆ ಫ್ಲಾನೆಲ್ ತಗೋ, ಮೇಲಿನ ನಯ ತುಪ್ಪಳದಲ್ಲಿ ಗಾಳಿ ನಿಂತು ಬೆಚ್ಚಗಿಡುತ್ತದೆ. ಮಳೆಗಾಲದಲ್ಲಿ ಮಾತ್ರ ಅದನ್ನು ಒಗೆಯಬೇಡ, ನಾಲ್ಕು ದಿನವಾದರೂ ಒಣಗಲ್ಲ. ಯಾವುದೇ ತಂದರೂ ಒಂದು ಸಲ ಒಗೆದೇ ಹಾಸು, ಹತ್ತಿ ಸ್ವಲ್ಪ ಕುಗ್ಗುತ್ತದೆ, ಅಳತೆ ಚೂರು ದೊಡ್ಡದೇ ಇರಲಿ. ಒಗೆದ ಮೇಲೆ ಮೆತ್ತಗಾಗಲಿ ಅಂತ ಹಾಕುವ ಫ್ಯಾಬ್ರಿಕ್ ಕಂಡೀಷನರ್ ನೀರಲ್ಲಿ ಶೀಟ್ ಅದ್ದಬೇಡ, ಎಳೆ ಮೇಲೆ ಜಿಡ್ಡು ಕೂತು ಬೆವರು ಹೀರುವುದು ಕಡಿಮೆಯಾಗುತ್ತದೆ.

ಮತ್ತೆ ಮೊದಲೇ ಕೇಳಬೇಕಿತ್ತು ನಾನು. ಮಗು ಉಚ್ಚೆ ಮಾಡುತ್ತದೆ ಅಂತ ಬೆಡ್‌ಶೀಟ್ ಅಡಿಗೆ ಪ್ಲಾಸ್ಟಿಕ್ ಹಾಸಿದ್ದೀಯಾ? ಅದಿದ್ದರೆ ಮೇಲೆ ಎಂಥ ಹತ್ತಿ ಹಾಸಿದರೂ ಬೆವರುತ್ತದೆ. ಕೊಳ್ಳಲು ಹೋಗುವ ಮೊದಲು ಎತ್ತಿ ನೋಡಿ ಹೇಳು, ನಾನು ಇನ್ನೂ ಮಲಗಿಲ್ಲ.