ಬೊಲೆರೊ ಪಿಕಪ್‌ಗೆ ಎಕ್ಸ್‌ಟ್ರಾ ರಿವರ್ಸ್ ಲೈಟ್: ವೈರಿಂಗ್ ಹೇಗೆ ಮಾಡೋದು?

ಕೋಲಾರ ಪಿಕಪ್:
ಎಲ್ಲರಿಗೂ ನಮಸ್ಕಾರ. ಗಾಡಿ ಬೊಲೆರೊ ಪಿಕಪ್, 12 ವೋಲ್ಟ್, ಟೊಮೆಟೊ ಬಾಡಿಗೆ ಓಡುತ್ತೆ. ಕತ್ತಲಲ್ಲಿ ತೋಟದ ದಾರೀಲಿ ರಿವರ್ಸ್ ಹೋಗೋದು, ಬೆಳಗಿನ ಜಾವ ಎಪಿಎಂಸಿ ಯಾರ್ಡಲ್ಲಿ ರಿವರ್ಸ್ ಹಾಕಿ ನಿಲ್ಲಿಸೋದು ದಿನಾ ಇದ್ದದ್ದೇ. ಕಂಪನಿ ರಿವರ್ಸ್ ಲೈಟು ಏನೂ ಸಾಲಲ್ಲ. 18 ವ್ಯಾಟಿನ ಎಲ್‌ಇಡಿ ವರ್ಕ್ ಲೈಟ್ ಎರಡು ಹಾಕಬೇಕು ಅಂತಿದೀನಿ. ಹಿಂದಿನ ರಿವರ್ಸ್ ಲೈಟ್ ವೈರಿಗೇ ಸೇರಿಸಿಬಿಟ್ರೆ ಆಗುತ್ತಾ, ಇಲ್ಲಾ ಬ್ಯಾಟರಿಯಿಂದ ಬೇರೆ ವೈರ್ ಎಳೀಬೇಕಾ? ಯಾವ ಸೈಜ್ ವೈರ್, ಎಷ್ಟು ಆಂಪಿಯರ್ ಫ್ಯೂಸ್? ಲೋಡಿಂಗ್ ಟೈಮಲ್ಲಿ ಗೇರ್ ಹಾಕದೇನೂ ಉರಿಯೋ ಹಾಗೆ ಒಂದು ಸ್ವಿಚ್ಚೂ ಬೇಕು.

ಹುಬ್ಬಳ್ಳಿ ವೈರಿಂಗ್:
ಬೇರೆ ವೈರೇ ಎಳೀರಿ ಸರ್, ರಿಲೇ ಹಾಕಿ. ರಿಲೇ ಅಂದ್ರೆ ಒಳಗಿನ ಕಾಯಿಲ್ಲಿಗೆ ಸಣ್ಣ ಕರೆಂಟು ಕೊಟ್ರೆ ದೊಡ್ಡ ಕರೆಂಟನ್ನ ಆನ್ ಮಾಡೋ ಸ್ವಿಚ್ಚು. ಕಂಪನಿ ವೈರಿಂದ ಸಿಗ್ನಲ್ ಮಾತ್ರ ತಗೋಬೇಕು. ರಿವರ್ಸ್ ಲೈಟಿನ ಅಷ್ಟೂ ಕರೆಂಟು ಗೇರ್‌ಬಾಕ್ಸ್ ಮೇಲಿರೋ ಸಣ್ಣ ಸ್ವಿಚ್ಚಿನ ಮೂಲಕ ಹಾಯ್ದು ಬರುತ್ತೆ. 21 ವ್ಯಾಟಿನ ಒಂದು ಬಲ್ಬಿಗೆ 1.75 ಆಂಪಿಯರ್. ನಿಮ್ಮ ಎರಡು ಲೈಟು ಅದರ ಮೇಲೆ ಇನ್ನೂ 3 ಆಂಪಿಯರ್ ಎಳೆಯುತ್ತವೆ. ಸ್ವಿಚ್ಚಿನ ಕಾಂಟ್ಯಾಕ್ಟ್ ಕಪ್ಪಾಗ್ತಾ ಬಂದು, ಒಂದು ದಿನ ಕಂಪನಿ ಲೈಟೂ ಇಲ್ಲ, ರಿವರ್ಸ್ ಬಜರೂ ಇಲ್ಲ ಅನ್ನೋ ಹಾಗಾಗುತ್ತೆ. ರಿಲೇ ಕಾಯಿಲ್ ಎಳೆಯೋದು ಸುಮಾರು 0.15 ಆಂಪಿಯರ್ ಅಷ್ಟೇ, ಸ್ವಿಚ್ಚಿಗೆ ಅದೊಂದು ಭಾರವೇ ಅಲ್ಲ.

ಬೇಕಾದ ಸಾಮಾನು: 12 ವೋಲ್ಟ್ 30 ಆಂಪಿಯರಿನ ನಾಲ್ಕು ಪಿನ್ ರಿಲೇ, ಅದರ ಸಾಕೆಟ್, ನೀರು ಹೋಗದ ಫ್ಯೂಸ್ ಹೋಲ್ಡರ್, 10 ಆಂಪಿಯರ್ ಬ್ಲೇಡ್ ಫ್ಯೂಸ್, 1.5 ಸ್ಕ್ವೇರ್ ಎಂಎಂ ಆಟೋ ವೈರ್ 8 ಮೀಟರ್, ಸಿಗ್ನಲ್ಲಿಗೆ 0.75ರದ್ದು 4 ಮೀಟರ್. ಮನೆ ವೈರಿಂಗ್ ವೈರ್ ಬೇಡ. ಅದರ ಎಳೆ ದಪ್ಪ, ಗಾಡಿಯ ಅದುರಿಗೆ ಒಳಗೊಳಗೇ ತುಂಡಾಗುತ್ತೆ.

ಮೊದಲು ಬ್ಯಾಟರಿ ಮೈನಸ್ ಬಿಚ್ಚಿಡಿ. ಬ್ಯಾಟರಿ ಪ್ಲಸ್ಸಿಂದ ಒಂದು ಗೇಣಿನ ಒಳಗೇ ಫ್ಯೂಸ್ ಕೂರಬೇಕು, ಅಲ್ಲಿಂದ ರಿಲೇಯ 30ನೇ ನಂಬರ್ ಪಿನ್ನಿಗೆ. 87ರಿಂದ ಹಿಂದಿನ ಲೈಟುಗಳಿಗೆ. 86ಕ್ಕೆ ರಿವರ್ಸ್ ಸಿಗ್ನಲ್, 85 ಅರ್ತ್. ರಿಲೇನ ಬಾನೆಟ್ ಒಳಗೆ, ಪಿನ್ ಕೆಳಗೆ ಮುಖ ಮಾಡೋ ಹಾಗೆ ಕೂರಿಸಿ. ಪಿನ್ ಮೇಲಾಗಿದ್ರೆ ಸಾಕೆಟ್ಟಲ್ಲಿ ನೀರು ನಿಂತು ಹಸಿರು ಕಿಲುಬು ಹಿಡಿಯುತ್ತೆ.

ಸಿಗ್ನಲ್ ವೈರ್ ಹುಡುಕೋದಕ್ಕೆ ಬಣ್ಣ ನಂಬಬೇಡಿ, ಮಾಡೆಲ್ಲಿಂದ ಮಾಡೆಲ್ಲಿಗೆ ಬದಲಾಗುತ್ತೆ. ಬ್ಯಾಟರಿ ವಾಪಸ್ ಜೋಡಿಸಿ, ಗೇರ್‌ಬಾಕ್ಸ್ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿ, ವೈರಿಂಗ್ ಕಡೆಯ ಎರಡೂ ಪಿನ್ನಿಗೆ ಟೆಸ್ಟ್ ಲ್ಯಾಂಪ್ ಹಿಡೀರಿ. ಉರಿಯೋದು ಸಪ್ಲೈ. ಉರಿಯದೇ ಇರೋದು ಲೈಟಿಗೆ ಹೋಗೋ ವೈರ್, ನಮಗೆ ಬೇಕಾದದ್ದು ಅದೇ.

ಮೈಸೂರು ಆಟೋ:
ಎರಡು ಎಲ್‌ಇಡಿಗೆ ಇಷ್ಟೆಲ್ಲ ಬೇಕಾ? ಕಂಪನಿ ಬಲ್ಬ್ ತೆಗೆದು ಅದೇ ಹೋಲ್ಡರಿಗೆ ಎಲ್‌ಇಡಿ ಬಲ್ಬ್ ಹಾಕಿದ್ರೆ ರಿಲೇಯೂ ಬೇಡ, ವೈರೂ ಬೇಡ. ಪಿ21ಡಬ್ಲ್ಯೂ, ಒಂದೇ ಕಾಂಟ್ಯಾಕ್ಟಿನದ್ದು ಅಂತ ಕೇಳಿ ತಗೊಳ್ಳಿ. ಬ್ರೇಕ್ ಲೈಟಿನ ಎರಡು ಕಾಂಟ್ಯಾಕ್ಟಿನ ಬಲ್ಬ್ ಇದಕ್ಕೆ ಕೂರಲ್ಲ.

ಹುಬ್ಬಳ್ಳಿ ವೈರಿಂಗ್:
ಬಲ್ಬ್ ಮಾತ್ರ ಬದಲಾಯಿಸೋದಾದ್ರೆ ನಿಮ್ಮ ಮಾತು ನಿಜ, ಕರೆಂಟು ಇನ್ನೂ ಕಮ್ಮಿ ಆಗುತ್ತೆ. ಆದ್ರೆ ಆ ರಿಫ್ಲೆಕ್ಟರ್ ಮಾಡಿರೋದು ಫಿಲಮೆಂಟ್ ಕೂರೋ ಜಾಗದ ಲೆಕ್ಕಕ್ಕೆ. ಎಲ್‌ಇಡಿ ಹಾಕಿದ್ರೆ ಲೆನ್ಸ್ ಬೆಳ್ಳಗೆ ಹೊಳೆಯುತ್ತೆ, ನೆಲದ ಮೇಲೆ ಬೆಳಕು ಅಷ್ಟಾಗಿ ಬೀಳಲ್ಲ. ಯಾರ್ಡಿಗೆ ಸಾಕು, ತೋಟದ ದಾರಿಗೆ ಸಾಲಲ್ಲ.

ವೈರ್ ಸೈಜಿನ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಬಾನೆಟ್ಟಿಂದ ಹಿಂದಿನವರೆಗೆ ಬಳಸಿಕೊಂಡು ಹೋದ್ರೆ ಸುಮಾರು 6 ಮೀಟರ್. 1.5ರ ವೈರಲ್ಲಿ 3 ಆಂಪಿಯರಿಗೆ 0.2 ವೋಲ್ಟ್ ಬೀಳುತ್ತೆ. ಲೈಟ್ ಜೊತೆ ಕೊಡೋ ತೆಳ್ಳನೆ 0.5ರ ವೈರನ್ನೇ ಉದ್ದಕ್ಕೂ ಎಳೆದ್ರೆ 0.6 ದಾಟುತ್ತೆ. 2.5 ಹಾಕೋ ಅವಶ್ಯಕತೆ ಇಲ್ಲ.

ಶಿರಸಿ ಬಾಡಿ ಬಿಲ್ಡರ್:
ಇಂಥ ಲೈಟುಗಳು ಕೈಕೊಡೋದು ಹೆಚ್ಚಾಗಿ ಅರ್ತಿನಲ್ಲಿ. ಹಿಂದಿನ ಲೋಡ್ ಬಾಡಿಗೆ ಅರ್ತ್ ಕೊಡಬೇಡಿ. ಬಾಡಿಗೂ ಚಾಸಿಗೂ ನಡುವೆ ಮರದ ಇಲ್ಲವೇ ರಬ್ಬರ್ ಪ್ಯಾಕಿಂಗ್ ಇರುತ್ತೆ, ಮೇಲೆ ಪೇಂಟು, ಕರೆಂಟಿಗೆ ಸರಿಯಾದ ವಾಪಸ್ ದಾರಿ ಸಿಗಲ್ಲ. ಚಾಸಿಯಲ್ಲಿ ಈಗಾಗಲೇ ಇರೋ ತೂತು ನೋಡಿಕೊಂಡು, ಸುತ್ತ ಪೇಂಟ್ ಕೆರೆದು ಬಿಳಿ ಕಬ್ಬಿಣ ಕಾಣಿಸಿ, ವೈರ್ ತುದಿಗೆ ಥಿಂಬಲ್ (ಬೋಲ್ಟ್ ತೂರೋ ಉಂಗುರ) ಹಾಕಿ, ಸ್ಟಾರ್ ವಾಷರ್ ಕೊಟ್ಟು ಬೋಲ್ಟ್ ಬಿಗಿದು, ಆಮೇಲೆ ಗ್ರೀಸ್ ಸವರಿ. ಚಾಸಿಗೆ ಹೊಸ ತೂತು ಕೊರೆಯಬೇಡಿ, ಭಾರ ಹೊರೋ ಭಾಗ ಅದು. ಬ್ರಾಕೆಟ್ ವೆಲ್ಡ್ ಮಾಡಲೇಬೇಕಾದ್ರೆ ಮೊದಲು ಬ್ಯಾಟರಿ ಬಿಚ್ಚಿ, ಇಲ್ಲದಿದ್ರೆ ಆಲ್ಟರ್ನೇಟರಿಗೂ ಇಸಿಯುಗೂ (ಎಂಜಿನ್ ಕಂಟ್ರೋಲ್ ಮಾಡೋ ಕಂಪ್ಯೂಟರ್) ಏಟು ಬೀಳಬಹುದು.

ಜಾಗದ ವಿಷಯ. ಹಿಂದಿನ ಡೋರ್ ಪೂರ್ತಿ ಇಳಿಸಿ ನೋಡಿ, ಅದು ನೇತಾಡೋ ಜಾಗಕ್ಕೆ ಲೈಟ್ ಸಿಗಬಾರದು. ಬೆಳಕಿಗೆ ಅಡ್ಡ ಬಂದರೆ ಒಂದು ತೊಂದರೆ, ಡೋರ್ ಬಡಿದು ಲೈಟೇ ಒಡೆದರೆ ಇನ್ನೊಂದು. ಟೈರಿನ ನೇರಕ್ಕೂ ಬೇಡ, ಕೆಸರು ಮೆತ್ತುತ್ತೆ. ಫ್ಲಡ್ ಲೈಟೇ ತಗೊಳ್ಳಿ, ಸ್ಪಾಟ್ ಬೇಡ. ನೆಲದಿಂದ 80 ಸೆಂಟಿಮೀಟರ್ ಎತ್ತರದಲ್ಲಿದ್ರೆ, ಬೆಳಕಿನ ನಡುಭಾಗ 4 ಮೀಟರ್ ಹಿಂದೆ ನೆಲ ಮುಟ್ಟೋ ಹಾಗೆ ಬಗ್ಗಿಸಿ, ಸುಮಾರು 11 ಡಿಗ್ರಿ ಆಗುತ್ತೆ. ಎರಡನ್ನೂ ಸ್ವಲ್ಪ ಹೊರಕ್ಕೆ ತಿರುಗಿಸಿ, ಚರಂಡಿ ಅಂಚು ಕಾಣುತ್ತೆ. ವೈರ್ ಲೈಟಿನ ಒಳಗೆ ಹೋಗೋ ಮುಂಚೆ ಒಂದು ಸಣ್ಣ ಬಾಗು ಕೆಳಗೆ ಇಳಿಬಿಡಿ. ಮಳೆ ನೀರು ಆ ಬಾಗಿನ ತುದಿಯಲ್ಲೇ ತೊಟ್ಟಿಕ್ಕಿ ಹೋಗುತ್ತೆ, ಜಾಯಿಂಟಿಗೆ ಹರಿಯಲ್ಲ. ದಾರಿಯುದ್ದಕ್ಕೂ ಸುರುಳಿ ಪೈಪಿನೊಳಗೆ ಹಾಕಿ ಕಂಪನಿ ಹಾರ್ನೆಸ್ಸಿಗೆ ಕಟ್ಟಿ. ಬ್ರೇಕ್ ಪೈಪಿಗೆ ಯಾವತ್ತೂ ಕಟ್ಟಬೇಡಿ, ಸೈಲೆನ್ಸರ್ ಪಕ್ಕ ಹೋಗಬೇಡಿ.

ಕೋಲಾರ ಪಿಕಪ್:
ತುಂಬಾ ಉಪಕಾರ ಆಯ್ತು ಅಣ್ಣಾ. ಸ್ವಿಚ್ಚಿನ ವಿಷಯ? ಬ್ಯಾಟರಿಯಿಂದ ಒಂದು ಸ್ವಿಚ್ ತಂದು ಅದೇ 86ಕ್ಕೆ ಸೇರಿಸಿದ್ರೆ ಸಾಕಲ್ವಾ? ರಿವರ್ಸ್ ಕ್ಯಾಮೆರಾನೂ ಇದೆ.

ಹುಬ್ಬಳ್ಳಿ ವೈರಿಂಗ್:
ಹಾಗೆ ಸೇರಿಸಿದ್ರೆ ಸ್ವಿಚ್ ಒತ್ತಿದ ಕೂಡಲೇ ಕರೆಂಟು 86ರಿಂದ ಹಿಂದಕ್ಕೆ ರಿವರ್ಸ್ ವೈರಿಗೆ ಹರಿಯುತ್ತೆ. ಕಂಪನಿ ಲೈಟು, ಬಜರ್, ಕ್ಯಾಮೆರಾ ಎಲ್ಲ ಒಟ್ಟಿಗೇ ಆನ್ ಆಗುತ್ತೆ. ಅದಕ್ಕೆ ಮೂರು ಪೊಸಿಷನ್ನಿನ ಟಾಗಲ್ ಸ್ವಿಚ್ ತಗೊಳ್ಳಿ, ನಡುವೆ ಆಫ್ ಇರೋದು. ನಡುವಿನ ಪಿನ್ 86ಕ್ಕೆ, ಒಂದು ಬದಿಗೆ ರಿವರ್ಸ್ ಸಿಗ್ನಲ್, ಇನ್ನೊಂದು ಬದಿಗೆ ಕೀ ಆನ್ ಇದ್ದಾಗ ಮಾತ್ರ ಬರೋ ಸಪ್ಲೈ, 2 ಆಂಪಿಯರ್ ಫ್ಯೂಸಿನ ಮೂಲಕ. ಎರಡು ದಾರಿ ಒಂದಕ್ಕೊಂದು ಸೇರೋದೇ ಇಲ್ಲ. ನೇರ ಬ್ಯಾಟರಿಯಿಂದ ತಗೊಂಡು ಮರೆತು ಮಲಗಿದ್ರೆ 8 ಗಂಟೆಗೆ 24 ಆಂಪಿಯರ್-ಅವರ್ ಖಾಲಿ, ಬೆಳಿಗ್ಗೆ ಸೆಲ್ಫ್ ಎತ್ತೋದು ಕಷ್ಟ.

ಕ್ಯಾಮೆರಾ ಇರೋದ್ರಿಂದ ರಿಲೇಯ 85, 86ರ ನಡುವೆ ಒಂದು 1ಎನ್4007 ಡಯೋಡ್ (ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋದು) ಹಾಕಿ, ಬಿಳಿ ಪಟ್ಟಿ ಇರೋ ತುದಿ 86ರ ಕಡೆ. ರಿಲೇ ಬಿಡುವಾಗ ಕಾಯಿಲ್ಲಿಂದ ಏಳೋ ಜಾಸ್ತಿ ವೋಲ್ಟೇಜು ಅದೇ ವೈರಲ್ಲಿರೋ ಕ್ಯಾಮೆರಾಗೆ ಹೋಗಲ್ಲ. ಡಯೋಡ್ ಉಲ್ಟಾ ಆದ್ರೆ ರಿವರ್ಸ್ ಹಾಕಿದ ತಕ್ಷಣ ಫ್ಯೂಸ್ ಹಾರುತ್ತೆ, ನೋಡಿಕೊಂಡು ಹಾಕಿ.

ಶಿರಸಿ ಬಾಡಿ ಬಿಲ್ಡರ್:
ಆ ಸ್ವಿಚ್ಚಿಗೆ ಡ್ಯಾಶ್‌ಬೋರ್ಡಲ್ಲಿ ಒಂದು ಪೈಲಟ್ ಲೈಟ್ ಕೊಡಲೇಬೇಕು, 87ರಿಂದ. ಮುಂದಕ್ಕೆ ಓಡುವಾಗ ಹಿಂದೆ ಬಿಳಿ ಲೈಟ್ ಉರೀತಿದ್ರೆ ಹಿಂದೆ ಬರೋ ಬೈಕಿನವನ ಕಣ್ಣು ಕತ್ತಲೆ ಕಟ್ಟುತ್ತೆ, ಗಾಡಿ ರಿವರ್ಸ್ ಬರ್ತಿದೆ ಅಂತಲೂ ತಿಳ್ಕೊತಾನೆ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋದಾಗಲೂ ಇದಕ್ಕೆ ತಕರಾರು ಬರಬಹುದು. ನನ್ನ ಪ್ರಕಾರ ಲೋಡಿಂಗಿಗೆ ಬಾಡಿಯೊಳಗೆ ಕ್ರೇಟಿನ ಮೇಲೆ ಬೀಳೋ ಹಾಗೆ ಬೇರೆಯೇ ಒಂದು ಸಣ್ಣ ಲೈಟ್ ಹಾಕೋದು ಒಳ್ಳೇದು.

ಹುಬ್ಬಳ್ಳಿ ವೈರಿಂಗ್:
ಅದು ಸರಿಯಾದ ಸಲಹೆ. ಕೆಲಸ ಮುಗಿದ ಮೇಲೆ ಎಂಜಿನ್ ಆನ್ ಇಟ್ಟು, ವೀಲಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ಒತ್ತಿ ರಿವರ್ಸ್ ಹಾಕಿ ಒಬ್ಬರು ಸೀಟಲ್ಲೇ ಇರಲಿ. ಇನ್ನೊಬ್ಬರು ಗಾಡಿಯ ಪಕ್ಕಕ್ಕೆ ನಿಂತು ಮಲ್ಟಿಮೀಟರ್ ಹಿಡೀಲಿ, ಹಿಂದೆ ನಿಲ್ಲಬೇಡಿ. ಬ್ಯಾಟರೀಲಿ 13.8 ಇದ್ರೆ ಲೈಟ್ ಹತ್ರ 13.4ಕ್ಕಿಂತ ಕಮ್ಮಿ ಇರಬಾರದು. ಕಮ್ಮಿ ಬಂದ್ರೆ ಮೀಟರಿನ ಒಂದು ಕಡ್ಡಿ ಲೈಟಿನ ಕಪ್ಪು ವೈರಿಗೆ, ಇನ್ನೊಂದು ಚಾಸಿಯ ಬರಿ ಕಬ್ಬಿಣಕ್ಕೆ ಇಡಿ. 0.1 ವೋಲ್ಟ್ ದಾಟಿದ್ರೆ ಅರ್ತ್ ಬೋಲ್ಟ್ ಮತ್ತೆ ಕೆರೆದು ಬಿಗೀರಿ. ಅದು ಸರಿಯಿದ್ರೆ ಮುಂದಿನ ಅನುಮಾನ ಫ್ಯೂಸ್ ಹೋಲ್ಡರ್ ಮೇಲೆ. ಐದು ನಿಮಿಷ ಉರಿಸಿ ಮುಟ್ಟಿ ನೋಡಿ, ಬಿಸಿ ಇದ್ರೆ ಅದರ ಕ್ರಿಂಪ್ (ವೈರ್ ಒತ್ತಿ ಜೋಡಿಸಿರೋ ಜಾಯಿಂಟ್) ಲೂಸ್ ಇದೆ.