ಪದಚರ್ಚೆ: ಗ್ಯಾಸ್ ಗೀಸರಿನ ‘ಇಗ್ನಿಷನ್’ ದಹನವೇ, ಹೊತ್ತಿಸುವುದೇ, ಹೊತ್ತಿಕೊಳ್ಳುವುದೇ?

ಮಾನ್ಯರೆ,

ಅಡುಗೆ ಅನಿಲದಿಂದ ನೀರು ಕಾಯಿಸುವ ಗೀಸರೊಂದರ ಕೈಪಿಡಿಯ ಕನ್ನಡ ಕರಡನ್ನು ತಿದ್ದಿಕೊಡುವ ಕೆಲಸ ಕಳೆದ ತಿಂಗಳು ನನ್ನ ಪಾಲಿಗೆ ಬಂದಿತ್ತು. ಮೊದಲ ಪುಟದಲ್ಲಿಯೇ ‘ವಿದ್ಯುನ್ಮಾನ ದಹನ ನಿಯಂತ್ರಣ ಘಟಕ’ ಎಂಬ ಮಾತು ಎದುರಾಯಿತು. ಎಲೆಕ್ಟ್ರಾನಿಕ್ ಇಗ್ನಿಷನ್ ಕಂಟ್ರೋಲ್ ಎಂಬುದನ್ನು ಪದಕ್ಕೆ ಪದವಿಟ್ಟು ಹೀಗೆ ಮಾಡಿದ್ದಾರೆ. ‘ವಿದ್ಯುನ್ಮಾನ’ದ ಬಗ್ಗೆ ನನ್ನ ತಕರಾರಿಲ್ಲ, ಮತಯಂತ್ರದ ದೆಸೆಯಿಂದ ಅದು ಊರಿಗೆಲ್ಲ ಪರಿಚಿತವಾಗಿದೆ. ತಕರಾರಿರುವುದು ‘ದಹನ’ದ ಬಗ್ಗೆ. ಕರಡನ್ನು ಗಟ್ಟಿಯಾಗಿ ಓದಿ ನೋಡುತ್ತಿದ್ದಾಗ ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದ ನಮ್ಮ ಅತ್ತಿಗೆ ತಲೆಯೆತ್ತಿ, “ಇದೇನು, ವಿದ್ಯುತ್ ಚಿತಾಗಾರದ ಕಾಗದವೇ?” ಎಂದು ಕೇಳಿದರು. ನಗು ಬಂದರೂ ಅವರ ಕಿವಿ ತಪ್ಪಿರಲಿಲ್ಲ. ಲಂಕಾದಹನ, ಕಾಮದಹನ, ಶವದಹನ ಎಂದು ಕೇಳಿ ಬೆಳೆದವರಿಗೆ ದಹನವೆಂದರೆ ಸುಟ್ಟು ಮುಗಿಸುವುದೇ ಹೊರತು ಹೊತ್ತಿಸಿ ಆರಂಭಿಸುವುದಲ್ಲ.

ಇದು ಕೇವಲ ಅಪಶಕುನದ ಮಾತೂ ಅಲ್ಲ. ಶಾಲೆಯ ವಿಜ್ಞಾನದ ಪುಸ್ತಕಗಳಲ್ಲಿ ‘ದಹನ’ ಕಂಬಶ್ಚನ್‌ಗೆ, ಅಂದರೆ ಇಂಧನವು ಆಮ್ಲಜನಕದೊಡನೆ ಸೇರಿ ಉರಿಯುತ್ತಲೇ ಇರುವ ಕ್ರಿಯೆಗೆ, ನೆಲೆಗೊಂಡಿರುವ ಪದ. ಇಗ್ನಿಷನ್ ಎಂಬುದು ಆ ಕ್ರಿಯೆ ಶುರುವಾಗುವ ಕ್ಷಣ ಮಾತ್ರ. ಎರಡಕ್ಕೂ ಒಂದೇ ಪದವನ್ನು ಹಚ್ಚಿದರೆ, ‘ದಹನವಾಗದಿದ್ದಲ್ಲಿ’ ಎಂಬ ವಾಕ್ಯವನ್ನು ಓದುವವರಿಗೆ ಗೀಸರು ಹೊತ್ತಿಕೊಳ್ಳಲೇ ಇಲ್ಲವೋ, ಹೊತ್ತಿಕೊಂಡ ಮೇಲೆ ಅನಿಲ ಸರಿಯಾಗಿ ಉರಿಯುತ್ತಿಲ್ಲವೋ ಎಂಬುದು ತಿಳಿಯದು. ಮೊದಲನೆಯದು ತಣ್ಣೀರಿನ ತೊಂದರೆ. ಎರಡನೆಯದು ಪ್ರಾಣಕ್ಕೇ ಅಪಾಯ. ‘ಪ್ರಜ್ವಲನ’ ಎಂದು ಬದಲಿಸೋಣವೆಂದರೆ ಅದು ಸಭಾಂಗಣದ ವೇದಿಕೆಯನ್ನು ಬಿಟ್ಟು ಇಳಿಯುವುದಿಲ್ಲ. ಮುಖ್ಯ ಅತಿಥಿಗಳು ದೀಪ ಬೆಳಗಿಸುತ್ತಾರೆ. ಗೀಸರನ್ನು ಯಾರೂ ಬೆಳಗಿಸುವುದಿಲ್ಲ. ಲ್ಯಾಟಿನ್ನಿನ ‘ಇಗ್ನಿಸ್’ ಮತ್ತು ಸಂಸ್ಕೃತದ ‘ಅಗ್ನಿ’ ಒಂದೇ ಮೂಲದ ಮಾತುಗಳೆಂಬ ಕಾರಣಕ್ಕೆ ‘ಅಗ್ನಿ’ ಸೇರಿಸಿ ಹೊಸದೊಂದನ್ನು ಕಟ್ಟುವ ಆಸೆ ನನಗೂ ಹುಟ್ಟಿತ್ತು, ಆದರೆ ಬಚ್ಚಲುಮನೆಯ ವಸ್ತುವಿಗೆ ಅದು ಅತಿಯಾಯಿತು.

ನನಗೆ ಮುಖ್ಯವೆನಿಸಿದ್ದು ಬೇರೆಯೇ ಇದೆ. ಇಂಗ್ಲಿಷಿನ ಇಗ್ನಿಷನ್ ಎಂಬ ಒಂದು ಪದದೊಳಗೆ ಎರಡು ಕ್ರಿಯೆಗಳು ಅಡಗಿವೆ: ಕರಡಿನಲ್ಲಿ ‘ನಿಯಂತ್ರಣ ಘಟಕ’ ಎನಿಸಿಕೊಂಡಿರುವ ಪೆಟ್ಟಿಗೆಯು ಕಿಡಿ ಹಾರಿಸಿ ಅನಿಲವನ್ನು ಹೊತ್ತಿಸಲು ನೋಡುವುದು ಒಂದು, ಅನಿಲವು ನಿಜವಾಗಿ ಹೊತ್ತಿಕೊಳ್ಳುವುದು ಇನ್ನೊಂದು. ಕನ್ನಡದಲ್ಲಿ ಇವೆರಡೂ ಮೊದಲಿನಿಂದ ಬೇರೆಬೇರೆಯಾಗಿಯೇ ಇವೆ. ‘ಹತ್ತು’ ಎಂದರೆ ತಾನಾಗಿ ಹತ್ತುವುದು, ‘ಹತ್ತಿಸು’ ಅಥವಾ ‘ಹಚ್ಚು’ ಎಂದರೆ ಬೇರೊಬ್ಬರು ಮಾಡುವುದು. ಹಾಗೆಯೇ ‘ಹೊತ್ತು’ ಮತ್ತು ‘ಹೊತ್ತಿಸು’. ‘ಹತ್ತು’ವಿನ ಹಳಗನ್ನಡದ ರೂಪ ‘ಪತ್ತು’, ಅಂಟಿಕೊಳ್ಳು ಎಂದರ್ಥ; ಬೆಂಕಿ ಹತ್ತಿತು ಎಂದರೆ ಬೆಂಕಿ ಅಂಟಿಕೊಂಡಿತು ಎಂದೇ. “ಮೂರು ಕಡ್ಡಿ ಗೀರಿ ಹಚ್ಚಿದೆ, ಒಲೆ ಹತ್ತಲೇ ಇಲ್ಲ” ಎಂದು ಹಸಿ ಸೌದೆಯೊಡನೆ ಹೆಣಗಿದವರೆಲ್ಲ ಹೇಳಿರುವ ಮಾತಿನಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿದೆ.

ಈ ವ್ಯತ್ಯಾಸದ ನಡುವೆಯೇ ಆ ಪೆಟ್ಟಿಗೆಯ ಕೆಲಸವೆಲ್ಲ ನಡೆಯುತ್ತದೆ ಎಂಬುದನ್ನು ನಾನು ಕಂಡದ್ದು ನಮ್ಮ ಮನೆಯ ಗೀಸರು ಕೆಟ್ಟಾಗ. ನಲ್ಲಿ ತಿರುಗಿಸಿದೊಡನೆ ನೀರಿನ ಒತ್ತಡಕ್ಕೆ ರಬ್ಬರಿನ ಪೊರೆಯೊಂದು ಉಬ್ಬಿ ಸಣ್ಣ ಸ್ವಿಚ್ಚನ್ನು ಚಾಲೂ ಮಾಡುತ್ತದೆ, 1.5 ವೋಲ್ಟಿನ ಎರಡು ದಪ್ಪ ಟಾರ್ಚ್ ಸೆಲ್ಲುಗಳಿಂದ ಬರುವ 3 ವೋಲ್ಟನ್ನು ಪೆಟ್ಟಿಗೆಯು ಸಾವಿರಾರು ವೋಲ್ಟಿಗೆ ಏರಿಸಿ ಟಕ್ ಟಕ್ ಟಕ್ ಎಂದು ಕಿಡಿ ಹಾರಿಸುತ್ತದೆ. ಜೊತೆಜೊತೆಗೇ ಅನಿಲದ ವಾಲ್ವು ತೆರೆದು, ಭಗ್ ಎಂದು ಉರಿ ಹತ್ತುತ್ತದೆ. ನಮ್ಮಲ್ಲಿ ಟಕ್ ಟಕ್ ಆಗುತ್ತಿತ್ತು, ಭಗ್ ಎಂದೂ ಆಗುತ್ತಿತ್ತು, ಕೆಲವು ಸೆಕೆಂಡಿನಲ್ಲಿ ಎಲ್ಲವೂ ಆರಿಹೋಗುತ್ತಿತ್ತು. ರಿಪೇರಿಗೆ ಬಂದ ಹುಡುಗ ಮುಂದಿನ ತಗಡು ಬಿಚ್ಚಿ, ಬಿಳಿ ಪಿಂಗಾಣಿಯ ತುಂಡಿನಿಂದ ಹೊರಚಾಚಿದ್ದ ಎರಡು ಕಡ್ಡಿಗಳನ್ನು ತೋರಿಸಿದ. “ಇದು ಕಿಡಿ ಕೊಡೋ ಕಡ್ಡಿ ಸಾರ್, ಸರಿಯಾಗಿದೆ. ಇದು ಸೆನ್ಸರ್ ಕಡ್ಡಿ, ಇದಕ್ಕೆ ಬೆಂಕಿ ಕಾಣ್ತಿಲ್ಲ” ಎಂದು ಹೇಳಿ, ಜೇಬಿನಿಂದ ಅಂಗೈಯಗಲದ ಉಪ್ಪುಕಾಗದ ತೆಗೆದು ಕಪ್ಪಿಟ್ಟಿದ್ದ ಆ ಕಡ್ಡಿಯನ್ನು ಹೊಳೆಯುವವರೆಗೆ ಉಜ್ಜಿದ. ಅಷ್ಟಕ್ಕೇ ಗೀಸರು ಸರಿಹೋಯಿತು.

‘ಬೆಂಕಿ ಕಾಣ್ತಿಲ್ಲ’ ಎಂಬ ಅವನ ಮಾತನ್ನು ನಾನು ಕರಡಿನ ಅಂಚಿನಲ್ಲಿ ಬರೆದುಕೊಂಡೆ. ಕೈಪಿಡಿಯಲ್ಲಿ ಅದೇ ಸಂಗತಿ ‘ಜ್ವಾಲಾ ಸಂವೇದನಾ ವೈಫಲ್ಯ’ ಎಂದಾಗಿತ್ತು. ಆ ಕಡ್ಡಿ ಕಾಣುವ ಬಗೆಯೂ ಸೊಗಸಾಗಿದೆ: ಉರಿಯೊಳಗೆ ವಿದ್ಯುದಂಶವುಳ್ಳ ಅಯಾನುಗಳಿರುವುದರಿಂದ ಉರಿ ತಾನೇ ಒಂದು ತಂತಿಯಂತೆ ವರ್ತಿಸುತ್ತದೆ, ಕಡ್ಡಿಗೂ ಬರ್ನರಿನ ಮೈಗೂ ನಡುವೆ ಕೆಲವೇ ಮೈಕ್ರೋಆಂಪಿಯರಿನಷ್ಟು ವಿದ್ಯುತ್ತು ಹರಿಯುತ್ತದೆ, ಮತ್ತು ಬರ್ನರಿನ ಮೈ ಕಡ್ಡಿಗಿಂತ ಬಹಳ ದೊಡ್ಡದಾದ್ದರಿಂದ ಆ ಹರಿವು ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರುತ್ತದೆ. ಈ ಏರುಪೇರು ಕಂಡರೆ ಉರಿ ಇದೆ ಎಂದರ್ಥ. ಕಡ್ಡಿಗೆ ಮಸಿ ಹಿಡಿದರೆ ಉರಿ ಕಣ್ಣೆದುರಿಗಿದ್ದರೂ ಪೆಟ್ಟಿಗೆಗೆ ಕಾಣದು, ಅನಿಲವನ್ನು ನಿಲ್ಲಿಸಿಬಿಡುತ್ತದೆ.

ಹಾಗಾಗಿ ಈ ಪೆಟ್ಟಿಗೆಯನ್ನು ‘ಉರಿಗಾವಲು’ ಎಂದು ಕರೆಯಬಹುದೆಂಬುದು ನನ್ನ ಸೂಚನೆ. ‘ಕಾಯು’ ಎಂಬ ಧಾತು ಬಿಸಿಯಾಗು, ರಕ್ಷಿಸು, ಎದುರುನೋಡು ಎಂಬ ಮೂರು ಅರ್ಥಗಳಲ್ಲಿ ಬಳಕೆಯಲ್ಲಿರುವುದು ಇಲ್ಲಿ ಅನುಕೂಲವೇ ಆಯಿತು: ನೀರು ಕಾಯುತ್ತದೆ, ಪೆಟ್ಟಿಗೆ ಉರಿಯನ್ನು ಕಾಯುತ್ತದೆ, ಉರಿ ಹತ್ತುವವರೆಗೆ ಕೆಲವು ಸೆಕೆಂಡು ಕಾಯುತ್ತದೆ. ‘ಜ್ವಾಲೆ’ಯ ಬದಲು ‘ಉರಿ’ಯನ್ನು ಆರಿಸಿದ್ದಕ್ಕೆ ಅಡುಗೆಯ ಕನ್ನಡವೇ ಆಧಾರ. ಸಣ್ಣ ಉರಿಯಲ್ಲಿ ಹುರಿಯಿರಿ ಎಂದು ಗ್ಯಾಸ್ ಒಲೆಗೇ ಹೇಳುತ್ತೇವಲ್ಲವೇ? ಹೊಟ್ಟೆಯುರಿ, ಕಣ್ಣುರಿಗಳ ನೆನಪಾಗುತ್ತದೆಂದು ಯಾರಾದರೂ ಆಕ್ಷೇಪಿಸಬಹುದು; ಗೀಸರಿನ ಮೇಲೆ ಬರೆದಾಗ ಆ ಗೊಂದಲ ಉಳಿಯಲಾರದು.

ಪೈಲಟ್ ಎಂಬುದಕ್ಕೆ ಕರಡಿನಲ್ಲಿ ‘ಮಾರ್ಗದರ್ಶಿ ಜ್ವಾಲೆ’ ಎಂದಿತ್ತು. ಹಳೆಯ ಬಗೆಯ ಉಪಕರಣಗಳಲ್ಲಿ ಹಗಲೂ ರಾತ್ರಿ ಸಣ್ಣಗೆ ಉರಿಯುತ್ತಲೇ ಇದ್ದು, ದೊಡ್ಡ ಬರ್ನರಿಗೆ ಬೆಂಕಿ ತಗುಲಿಸುವ ಪುಟ್ಟ ಉರಿಗೆ ಇದು ಹೆಸರು. ಇದಕ್ಕೆ ನಮ್ಮಲ್ಲಿ ಪದ ಹುಡುಕಬೇಕಾಗಿಯೇ ಇಲ್ಲ. ದೇವಾಲಯದ ನಂದಾದೀಪವೇ ಅದು, ನಂದದ ದೀಪ. ಕನ್ನಡ ಶಾಸನಗಳಲ್ಲಿ ‘ನಂದಾದೀವಿಗೆ’ಗೆಂದು ಗಾಣದೆಣ್ಣೆಯನ್ನು ದತ್ತಿ ಬಿಟ್ಟ ಉಲ್ಲೇಖಗಳು ಧಾರಾಳವಾಗಿ ಸಿಗುತ್ತವೆ. ಬಿಡದೆ ಉರಿಯುವ ದೀಪಕ್ಕೆ ಬಿಡದೆ ಎಣ್ಣೆ ಬೇಕು ಎಂಬ ಲೆಕ್ಕ ಆ ದಾನಿಗಳಿಗೆ ತಿಳಿದಿತ್ತು. ಯಾರೂ ಬಳಸದ ಹೊತ್ತಿನಲ್ಲಿಯೂ ಅನಿಲ ತಿನ್ನುವ ಪೈಲಟ್ಟನ್ನು ಬಿಟ್ಟು, ಬೇಕಾದಾಗ ಮಾತ್ರ ಕಿಡಿ ಹಾರಿಸುವ ಏರ್ಪಾಡಿಗೆ ಜನ ಹೊರಳಿದ್ದಕ್ಕೂ ಆ ಲೆಕ್ಕವೇ ಒಂದು ಮುಖ್ಯ ಕಾರಣ. ದೇವರ ದೀಪದ ಹೆಸರನ್ನು ಬಚ್ಚಲಿಗೆ ತರುವುದು ಸಲ್ಲದೆನ್ನುವವರಿಗೆ ‘ನಂದಾ ಉರಿ’ ಒಪ್ಪಿಗೆಯಾದೀತು.

ಅಮೆರಿಕದ ಚಳಿಯ ಊರೊಂದರಲ್ಲಿರುವ ನನ್ನ ಅಕ್ಕನ ಮಗ ಇನ್ನೊಂದು ಬಗೆಯನ್ನು ವಿವರಿಸಿ ಬರೆದಿದ್ದಾನೆ. ಅವರ ನೆಲಮಾಳಿಗೆಯಲ್ಲಿ ಮನೆಯನ್ನೆಲ್ಲ ಬೆಚ್ಚಗಿಡುವ ಗ್ಯಾಸ್ ಫರ್ನೇಸಿನಲ್ಲಿ ಕಿಡಿಯೇ ಇಲ್ಲ. ಮೊದಲು ಸಣ್ಣ ಫ್ಯಾನು ತಿರುಗಿ ಒಳಗಿನ ಹಳೆಯ ಗಾಳಿಯನ್ನು ಹೊರದೂಡುತ್ತದೆ, ಆಮೇಲೆ ಸಿಲಿಕಾನ್ ಕಾರ್ಬೈಡಿನದೋ ಸಿಲಿಕಾನ್ ನೈಟ್ರೈಡಿನದೋ ಒಂದು ತುಂಡು ವಿದ್ಯುತ್ತಿನಿಂದ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದು ನಿಗಿನಿಗಿ ಹೊಳೆಯುತ್ತದೆ, ಅದಾದ ಮೇಲೆಯೇ ಅನಿಲ ಬಿಡುಗಡೆಯಾಗುತ್ತದೆ. ಹಾಟ್ ಸರ್ಫೇಸ್ ಇಗ್ನೈಟರ್ ಎಂಬ ಇದಕ್ಕೆ ಅವನು ಸೂಚಿಸಿದ ‘ಕೆಂಡಕಡ್ಡಿ’ ನನಗೆ ತುಂಬ ಹಿಡಿಸಿತು. ಹಾಗಾದರೆ ಕಿಡಿ ಕೊಡುವುದು ‘ಕಿಡಿಕಡ್ಡಿ’, ಉರಿ ನೋಡುವುದು ‘ಕಾಣ್ಗಡ್ಡಿ’. ಕೊನೆಯದು ಸ್ವಲ್ಪ ಹಳಗನ್ನಡದ ಸೋಗು ಹಾಕಿದಂತಿದೆ ಎಂಬುದನ್ನು ಒಪ್ಪುತ್ತೇನೆ. ‘ನೋಟದ ಕಡ್ಡಿ’ ಎಂದರೂ ಸಾಕು.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಸೇರಿಸಬೇಕು. ‘ಉರಿ ಆರಿದರೆ’ ಎಂದು ಬರೆಯುವಾಗ ಕರ್ತೃಪದವನ್ನು ಬಿಡಬಾರದು, ಏಕೆಂದರೆ ನೀರೂ ಆರುತ್ತದೆ, ಬಟ್ಟೆಯೂ ಆರುತ್ತದೆ. ಬರೀ ‘ಆರಿದರೆ’ ಎಂದರೆ ಬಿಸಿನೀರು ತಣ್ಣಗಾದರೆ ಎಂದು ಓದಿಕೊಳ್ಳಲು ಅಡ್ಡಿಯಿಲ್ಲ. ‘ಉರಿ ನಂದಿದರೆ’ ಎಂಬುದು ಹೆಚ್ಚು ಕ್ಷೇಮ. ಇನ್ನೊಂದು, ಸ್ನಾನದ ಮನೆಯಲ್ಲಿ ಸಾವು ಸಂಭವಿಸಿದಾಗ ಬರುವ ‘ಗೀಸರಿನ ಅನಿಲ ಸೋರಿಕೆ’ ಎಂಬ ಒಕ್ಕಣೆ. ಇಂಥ ಸಾವುಗಳಿಗೆ ಸಾಮಾನ್ಯವಾಗಿ ಕಾರಣವಾಗುವುದು ಗಾಳಿಯಾಡದ ಕೋಣೆಯಲ್ಲಿ ಅನಿಲ ಅರೆಬರೆಯಾಗಿ ಉರಿದು ಹುಟ್ಟುವ ಕಾರ್ಬನ್ ಮಾನಾಕ್ಸೈಡು. ಅಡುಗೆ ಅನಿಲಕ್ಕೆ ಸೇರಿಸಿದ ಮರ್ಕಾಪ್ಟನ್ನಿನ ವಾಸನೆ ಅದಕ್ಕಿಲ್ಲ, ಉರಿಗಾವಲಿಗೂ ಅದು ಕಾಣದು, ಏಕೆಂದರೆ ಉರಿ ಇದ್ದೇ ಇರುತ್ತದೆ. ಸೋರಿಕೆ ಎಂದು ಓದಿದವರು ವಾಸನೆ ಬಂದರೆ ತಿಳಿಯುತ್ತದಲ್ಲ ಎಂದು ನೆಚ್ಚಿ ಕೂರುತ್ತಾರೆ. ಕೈಪಿಡಿಯಲ್ಲಿ ನಾನು ಇದನ್ನು ‘ವಾಸನೆಯಿಲ್ಲದ ವಿಷಗಾಳಿ’ ಎಂದು ಬಿಡಿಸಿ ಬರೆದಿದ್ದೇನೆ.

ಉಳಿದಿರುವ ತೊಡಕು ‘ಲಾಕ್‌ಔಟ್’. ಹಲವು ಸಲ ಹೊತ್ತಿಸಲು ನೋಡಿಯೂ ಉರಿ ಹತ್ತದಿದ್ದರೆ ಪೆಟ್ಟಿಗೆ ಅನಿಲವನ್ನು ಮುಚ್ಚಿ, ಯಾರಾದರೂ ಬಂದು ಮತ್ತೆ ಚಾಲೂ ಮಾಡುವವರೆಗೆ ಅಥವಾ ನಿಗದಿತ ಹೊತ್ತು ಕಳೆಯುವವರೆಗೆ ಸುಮ್ಮನಾಗುವ ಸ್ಥಿತಿ ಅದು. ಪತ್ರಿಕೆಗಳ ‘ಬೀಗಮುದ್ರೆ’ ಕಾರ್ಖಾನೆಯ ಗೇಟನ್ನು ನೆನಪಿಸುತ್ತದೆ. ರಿಪೇರಿಯ ಹುಡುಗ “ಹಿಡ್ಕೊಂಡ್ಬಿಟ್ಟಿದೆ, ನಲ್ಲಿ ಮುಚ್ಚಿ ಮತ್ತೆ ತೆಗೀರಿ” ಎಂದಿದ್ದ. ನಮ್ಮ ಅತ್ತಿಗೆ ‘ಹಟ ಹಿಡಿದಿದೆ’ ಎನ್ನುತ್ತಾರೆ. ಸದ್ಯಕ್ಕೆ ‘ತಡೆಬೀಗ’ ಎಂದು ಬರೆದು ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿಟ್ಟಿದ್ದೇನೆ. ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ, ಮಲೆನಾಡಿನಲ್ಲಿ ಪಂಪುಸೆಟ್ಟು, ಬಾಯ್ಲರು ಮುಂತಾದ ಯಂತ್ರಗಳು ತಮ್ಮಷ್ಟಕ್ಕೆ ನಿಂತು, ಕೈಯಿಟ್ಟು ಬಿಡಿಸಿದ ಹೊರತು ಮತ್ತೆ ಓಡದಿದ್ದಾಗ ಕೆಲಸಗಾರರು ಏನೆನ್ನುತ್ತಾರೆ ಎಂಬುದನ್ನು, ಅವರು ಆಡುವ ವಾಕ್ಯದ ಸಮೇತ, ಬಲ್ಲವರು ಬರೆದು ತಿಳಿಸಬೇಕಾಗಿ ಕೋರುತ್ತೇನೆ.